ಕೆಂಪು ಬಟನ್ನಿನ ಕೊರಳು

“ನಿನ್ನ ವೈರಿಂಗ್ ನಂಬ್ಕೊಂಡು ನಿನ್ನೆ ಒಂದು ಹುಡುಗಿ ಜೀವ ಹೋಗ್ತಿತ್ತು ಹಾಲಸ್ವಾಮಿ. ಇನ್ನೂ ನಿಂತ್ಕೊಂಡು ವಾದ ಮಾಡ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ?”

“ನನಗ್ಯಾಕೆ ನಾಚಿಕೆ? ನಾನು ಕಟ್ಟಿದ ಪ್ಯಾನೆಲ್ಲು ನಿಲ್ಲು ಅಂದ್ರೆ ನಿಲ್ಲುತ್ತೆ. ನಿಲ್ಲದೇ ಇರೋದು ನಿನ್ನ ಬಾಯಿ ಒಂದೇ ಮುರುಗೇಶಣ್ಣ.”

ಮಾಚೇನಹಳ್ಳಿಯ ಆ ವರ್ಕ್‌ಶಾಪಿನಲ್ಲಿ ಕೆಲಸದವರೆಲ್ಲ ಕೈಕೆಲಸ ಬಿಟ್ಟು ಇವರಿಬ್ಬರನ್ನೇ ನೋಡುತ್ತಿದ್ದರು. ಮಾಲೀಕ ಮುರುಗೇಶಪ್ಪ ಹಣೆಯ ವಿಭೂತಿ ಬೆವರಿಗೆ ಕರಗುವಷ್ಟು ಕೂಗಾಡಿದ್ದ. ವೈರಿಂಗ್ ಮಾಡುವ ಹಾಲಸ್ವಾಮಿಯೂ ಕಡಿಮೆ ಆಸಾಮಿಯಲ್ಲ. ಆಲ್ಕೊಳದಿಂದ ಬೈಕಿನಲ್ಲಿ ಬಂದವನು ಹೆಲ್ಮೆಟ್ ಕೂಡ ಕೆಳಗಿಡದೆ ಜಗಳಕ್ಕೆ ನಿಂತಿದ್ದ.

ನಡೆದದ್ದು ಇಷ್ಟು. ಹಿಂದಿನ ದಿನ ಸಿಎನ್‌ಸಿ ಲೇತಿಗೆ, ಅಂದರೆ ಕಂಪ್ಯೂಟರಿಗೆ ತುಂಬಿದ ಅಳತೆಯಂತೆ ಕಬ್ಬಿಣ ಕಡೆಯುವ ಮೆಷಿನ್ನಿಗೆ, ಹೊಸ ಜಾಬ್ ಹಾಕುವಾಗ ಯಾರೋ ಅಳತೆ ತಪ್ಪಾಗಿ ತುಂಬಿದ್ದರು. ಟೂಲ್ ಹೊತ್ತ ತಲೆ ನಿಲ್ಲಬೇಕಾದಲ್ಲಿ ನಿಲ್ಲದೆ, ಜಾಬನ್ನು ಕಚ್ಚಿ ಹಿಡಿದು ಗರಗರ ತಿರುಗುತ್ತಿದ್ದ ಚಕ್ಕಿನ ಮೇಲೆ ನುಗ್ಗಿತು. ಮೆಷಿನ್ ನಡೆಸುತ್ತಿದ್ದ ಸಮತಾ ಟೂಲಿನ ಮೇಲಿಂದ ಕಣ್ಣು ಕೀಳದೆಯೇ ಕೆಂಪು ಎಮರ್ಜೆನ್ಸಿ ಬಟನ್ ಒತ್ತಿದಳು. ಮೆಷಿನ್ ನಿಲ್ಲಲಿಲ್ಲ. ಟೂಲ್ ಮುರಿದು, ಅದರ ಚೂರು ಬಾಗಿಲಿನ ಗಾಜು ಸೀಳಿಕೊಂಡು ಅವಳ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಅವಳು ಹಿಂದಕ್ಕೆ ಬಿದ್ದು ಮಣಿಕಟ್ಟು ಊದಿಸಿಕೊಂಡಳು. ಅಷ್ಟಕ್ಕೇ ಪಾರಾದಳು.

ಕೈಗೆ ಪಟ್ಟಿ ಸುತ್ತಿಕೊಂಡೇ ಸಮತಾ ಇವತ್ತೂ ಹೊಳೆಹೊನ್ನೂರಿನಿಂದ ಬಸ್ಸು ಹತ್ತಿ ಬಂದಿದ್ದಳು. ಅವಳು ಹೆದರಿ ಬಟನ್ ಒತ್ತಲೇ ಇಲ್ಲ ಅಂತ ಕೆಲವರು ಆಡಿಕೊಳ್ಳುತ್ತಿದ್ದುದು ಅವಳ ಕಿವಿಗೂ ಬಿದ್ದಿತ್ತು. ಒತ್ತಿದ್ದೇನೆ ಎಂದಷ್ಟೇ ಹೇಳಿ, ಕಣ್ಣು ತಗ್ಗಿಸದೆ ನಿಂತಿದ್ದಳು.

“ಅವಳು ಸುಳ್ಳು ಹೇಳೋಳಲ್ಲ,” ಅಂದ ಮುರುಗೇಶಪ್ಪ. “ಅಂದ್ಮೇಲೆ ಸುಳ್ಳು ಹೇಳಿರೋದು ನಿನ್ನ ವೈರು.”

ಹಾಲಸ್ವಾಮಿ ಹೆಲ್ಮೆಟ್ಟನ್ನು ಬೆಂಚಿನ ಮೇಲೆ ಕುಕ್ಕಿ, ಸ್ಕ್ರೂಡ್ರೈವರ್ ಹಿಡಿದು ಮೆಷಿನ್ನಿನ ಹಿಂಬದಿಗೆ, ವೈರುಗಳೆಲ್ಲ ಕೂಡುವ ಪ್ಯಾನೆಲ್ ಪೆಟ್ಟಿಗೆಯ ಹತ್ತಿರ ಹೋದ.

ಇಬ್ಬರದೂ ಹಳೆಯ ನಂಟು. ಭದ್ರಾವತಿಯಲ್ಲಿ ಮುರುಗೇಶಪ್ಪ ಲೇತ್ ನಡೆಸುವ ಟರ್ನರ್ ಆಗಿದ್ದಾಗ, ಏಳನೇ ಕ್ಲಾಸಿಗೆ ಊರ ಶಾಲೆ ಬಿಟ್ಟು ಬಂದ ಹಾಲಸ್ವಾಮಿ ಅಲ್ಲೇ ಕಂಟ್ರಾಕ್ಟರ್ ಹತ್ತಿರ ವೈರ್ ಎಳೆಯುತ್ತಿದ್ದ. ಮಧ್ಯಾಹ್ನ ಒಂದೇ ಡಬ್ಬಿಯ ಬುತ್ತಿ. ಮುಂದೆ ಮುರುಗೇಶಪ್ಪ ಸ್ವಂತ ವರ್ಕ್‌ಶಾಪ್ ತೆರೆದು ಈ ಹಳೆಯ ಲೇತನ್ನು ತಂದಾಗ, ನೋಡಿದವರೆಲ್ಲ ಗುಜರಿಗೆ ಹಾಕು ಎಂದಿದ್ದರು. ಹಾಲಸ್ವಾಮಿ ಮಾತ್ರ ಹಾಗೆನ್ನಲಿಲ್ಲ. ಹೆಗ್ಗಣ ಕಡಿದ ಹಳೆಯ ವೈರುಗಳನ್ನೆಲ್ಲ ಕಿತ್ತೆಸೆದು, ಬುಡದಿಂದ ತಲೆಯವರೆಗೆ ಹೊಸದಾಗಿ ಕಟ್ಟಿದ. ಆ ಪ್ಯಾನೆಲ್ಲಿನೊಳಗೆ ವೈರುಗಳು ಬೈತಲೆ ತೆಗೆದು ಬಾಚಿದ ಕೂದಲಿನ ಹಾಗೆ ಓಡುತ್ತಿದ್ದವು. ಎಳೆದರೆ ಒಂದೂ ಅಲುಗುತ್ತಿರಲಿಲ್ಲ. ಕೆಲಸ ಮುಗಿದ ದಿನ, ಎಲ್ಲ ಕಡೆ ಮಾಡುವ ಹಾಗೆ, ಪ್ಯಾನೆಲ್ ಬಾಗಿಲಿನ ಒಳಮೈ ಮೇಲೆ ಮಾರ್ಕರಿನಿಂದ ಬರೆದಿದ್ದ: ಹಾಲಸ್ವಾಮಿ, ಆಲ್ಕೊಳ. ಚಿತ್ರ ಬರೆದವನು ಮೂಲೆಯಲ್ಲಿ ಹೆಸರು ಹಾಕುವುದಿಲ್ಲವೇ, ಹಾಗೆ. ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಅವನ ಹೆಸರಿದ್ದ ಬಾಗಿಲುಗಳು ಬೇಕಾದಷ್ಟಿದ್ದವು. ಅವನ ಆಸ್ತಿ ಎಂದರೆ ಅದೇ.

ಈಗ ಪ್ಯಾನೆಲ್ಲಿನ ಬಾಗಿಲು ತೆರೆದರೆ ಹೆಸರಿಲ್ಲ. ಬರೆದಿದ್ದ ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಬಣ್ಣ ಒರೆಸುವ ಥಿನ್ನರಿನ ವಾಸನೆ ಇನ್ನೂ ಆರಿರಲಿಲ್ಲ.

ಯಾರು ಒರೆಸಿದ್ದೆಂದು ಅವನು ಕೇಳಲಿಲ್ಲ. ಮುರುಗೇಶಪ್ಪನ ಬೆರಳ ಸಂದಿಯಲ್ಲಿ ಮಸಿ ಹಾಗೇ ಇತ್ತು. ಹಾಲಸ್ವಾಮಿಯ ಕೋಪ ಅಲ್ಲಿಂದ ಮುಂದೆ ಬಾಯಿಗೆ ಬರಲಿಲ್ಲ, ಕೈಗೆ ಇಳಿಯಿತು.

ಎಲ್ಲರನ್ನೂ ಹತ್ತಿರ ಕರೆದ. ಮೆಷಿನ್ನಿಗೆ ಕರೆಂಟು ಕೊಟ್ಟು, ಒಂದು ವೈರನ್ನು ಬೆರಳಲ್ಲಿ ಮುಟ್ಟಿ ತೋರಿಸಿದ. ಈ ವೈರು ಇಲ್ಲಿಂದ ಹೊರಟು, ಟೂಲಿನ ತಲೆ ತುದಿ ದಾಟದಂತೆ ಕಾಯುವ ಲಿಮಿಟ್ ಸ್ವಿಚ್ಚುಗಳನ್ನೆಲ್ಲ ಸುತ್ತಿ, ಎಮರ್ಜೆನ್ಸಿ ಬಟನ್ನಿನ ಒಳಹೊಕ್ಕು ಹೊರಬಂದು, ತಿರುಗಿ ಇಲ್ಲಿಗೇ ಬರಬೇಕು. ಬಂದರೆ ಮಾತ್ರ ಮೆಷಿನ್ನಿಗೆ ಜೀವ. ದಾರಿಯಲ್ಲಿ ಇಲಿ ಕಡಿಯಲಿ, ಸ್ಕ್ರೂ ಸಡಿಲವಾಗಲಿ, ಮೆಷಿನ್ ನಿಲ್ಲುವುದೇ ಹೊರತು ಓಡುವುದಿಲ್ಲ. ಕೆಟ್ಟರೆ ನಿಲ್ಲುವ ಕಡೆಗೇ ಕೆಡಬೇಕು, ಅವನು ಕಟ್ಟುವ ರೀತಿ ಅದು. ಹೇಳುತ್ತಲೇ ಸ್ಕ್ರೂ ಬಿಚ್ಚಿ ವೈರನ್ನು ಹೊರಗೆಳೆದ. ಒಳಗೆ ಠಕ್ ಎಂದಿತು. ಮೆಷಿನ್ ಸತ್ತಿತು.

ವೈರನ್ನು ಮತ್ತೆ ಕೂರಿಸಿದ. ಲಿಮಿಟ್ ಸ್ವಿಚ್ಚುಗಳನ್ನು ಒಂದೊಂದಾಗಿ ಕೈಯಿಂದಲೇ ಅದುಮಿದ. ಪ್ರತಿ ಸಲವೂ ಠಕ್.

“ಬಟನ್ ಒತ್ತು ನೋಡಾಣ,” ಅಂದ ಮುರುಗೇಶಪ್ಪ. ಅವನ ದನಿ ಒಂದು ಮೆಟ್ಟಿಲು ಇಳಿದಿತ್ತು.

ಹಾಲಸ್ವಾಮಿ ಮುಂಬದಿಗೆ ಬಂದ. ಪ್ರತಿ ಶುಕ್ರವಾರ ಮುರುಗೇಶಪ್ಪನ ಹೆಂಡತಿ ದಾಕ್ಷಾಯಣಿ ಕೋಟೆ ಬೀದಿಯಿಂದ ಹೂವು ತಂದು ಮೆಷಿನ್ನುಗಳಿಗೆ ಪೂಜೆ ಮಾಡುವುದು ವಾಡಿಕೆ. ಈ ಲೇತು ಕಂಡರೆ ಆಕೆಗೆ ವಿಶೇಷ ಪ್ರೀತಿ, ಮನೆಗೆ ಅನ್ನ ಹುಟ್ಟಿಸಿದ ಮೆಷಿನ್ ಎಂದು. ಆದರೆ ಅದರ ಮೈಯೆಲ್ಲ ನುಣುಪು ತಗಡು, ಹೂವು ಸಿಕ್ಕಿಸಲು ಒಂದು ಮೊಳೆಯೂ ಇಲ್ಲ. ಎದ್ದು ನಿಂತಿರುವುದು ಅಣಬೆಯಂಥ ಆ ಕೆಂಪು ಬಟನ್ ಒಂದೇ. ನೋಡಲಿಕ್ಕೂ ಹಣೆಯ ಕುಂಕುಮದ ಹಾಗೆ. ಹಾರ ಅದರ ಕೊರಳಿಗೇ ಬೀಳುತ್ತಿತ್ತು. ಕಳೆದ ವಾರದ ಸೇವಂತಿಗೆ ಬಾಡಿ ಇನ್ನೂ ಜೋತಾಡುತ್ತಿತ್ತು.

ಹಾಲಸ್ವಾಮಿ ಒತ್ತಿದ. ಬಟನ್ ಒಳಗೆ ಹೋಗಲಿಲ್ಲ. ಅಂಗೈ ಬುಡ ಕೊಟ್ಟು ಒತ್ತಿದ. ಕಲ್ಲಿನ ಹಾಗಿತ್ತು.

ಬಾಡಿದ ಹೂವನ್ನು ಸರಿಸಿ ನೋಡಿದ. ಕೆಂಪು ತಲೆಗೂ ತಗಡಿಗೂ ನಡುವಿನ ಸಂದಿಯಲ್ಲಿ ಬಾಳೆನಾರು. ಸುತ್ತಿನ ಮೇಲೆ ಸುತ್ತು, ಗಂಟಿನ ಮೇಲೆ ಗಂಟು. ಹಳೆ ಹೂವು ಉದುರಿಸಿ ಹೊಸ ಹಾರ ಕಟ್ಟುತ್ತ ಹೋಗಿದ್ದರೇ ಹೊರತು ಯಾರೂ ನಾರು ಬಿಚ್ಚಿರಲಿಲ್ಲ. ಕುಂಕುಮ ಉದುರಿ, ಟೂಲ್ ತಣಿಸುವ ಕೂಲೆಂಟ್ ಎಣ್ಣೆ ಅದರ ಮೇಲೆ ಸಿಡಿದು, ಒಣಗಿ, ಬಳೆಯಂತೆ ಗಟ್ಟಿಯಾಗಿತ್ತು. ಆ ಬಳೆ ಇರುವಾಗ ಭೀಮ ಬಂದು ಒತ್ತಿದರೂ ಬಟನ್ ಇಳಿಯುವಂತಿರಲಿಲ್ಲ.

ಅದು ಕಂಡದ್ದು ಅವನಿಗೂ, ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ ಮುರುಗೇಶಪ್ಪನಿಗೂ ಮಾತ್ರ. ಹಾಲಸ್ವಾಮಿ ಎಲ್ಲರಿಗೂ ತೋರಿಸಲು ತಿರುಗಿದ. ಎದೆ ಉಬ್ಬಿಬಂತು, ಅದನ್ನು ಮುಚ್ಚಿಡಬೇಕು ಎಂದು ಅವನಿಗೆ ಅನಿಸಲೂ ಇಲ್ಲ. ಆದರೆ ಅವನು ಬಾಯಿ ತೆರೆಯುವ ಮೊದಲೇ ಮುರುಗೇಶಪ್ಪ ಕೆಲಸದವರನ್ನೆಲ್ಲ ಟೀಗೆ ಅಟ್ಟಿ, ಇವನ ತೋಳು ಹಿಡಿದು ಮೆಷಿನ್ನಿನ ಮರೆಗೆ ಎಳೆದುಕೊಂಡು ಹೋದ.

ದೇವರ ಹೂವಿನಿಂದಲೇ ಅನಾಹುತ ಆಯಿತು ಅಂದರೆ ಹೆಂಡತಿ ನೊಂದುಕೊಳ್ಳುತ್ತಾಳೆ, ಜನ ನಾಲಿಗೆಗೆ ಹಾಕಿಕೊಳ್ಳುತ್ತಾರೆ ಎಂದು ಪಿಸುಗುಟ್ಟಿದ. ನಾರನ್ನು ತಾನೇ ಕಿತ್ತು ಎಸೆಯುತ್ತಾನಂತೆ. ಕೇಳಿದವರಿಗೆ ವೈರು ಸಡಿಲ ಇತ್ತು, ಬಿಗಿ ಮಾಡಿದೆ ಎಂದು ಹಾಲಸ್ವಾಮಿ ಒಂದು ಮಾತು ಅಂದರೆ ಸಾಕಂತೆ. ಮುಂದೆ ಬರುವ ಎರಡು ಮೆಷಿನ್ನಿನ ಕೆಲಸವೂ ಅವನಿಗೇ.

ಹಾಲಸ್ವಾಮಿ ತೋಳು ಬಿಡಿಸಿಕೊಂಡ. “ನನ್ನ ವೈರು ಸಡಿಲ ಇತ್ತು ಅಂತ ನನ್ನ ಬಾಯಲ್ಲೇ ಹೇಳಿಸ್ತೀಯಾ? ಇಷ್ಟೂ ವರ್ಷ ನಾನು ಬಿಗಿ ಮಾಡಿದ ಒಂದು ಸ್ಕ್ರೂ ಸಡಿಲ ಆಗಿದ್ದು ತೋರಿಸು, ಇಲ್ಲೇ ನಿನ್ನ ಕಾಲಿಗೆ ಬೀಳ್ತೀನಿ.”

“ಮೆಲ್ಲಗೆ ಮಾತಾಡು ಮಾರಾಯ.”

“ಮೆಲ್ಲಗೆ ಯಾಕೆ ಮಾತಾಡ್ಬೇಕು?” ಎಂದು ಹಿಂದಿನಿಂದ ಒಂದು ದನಿ ಬಂತು.

ಅಂದು ಶುಕ್ರವಾರ. ದಾಕ್ಷಾಯಣಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಗಂಡನ ಕಡೆ ನೋಡಲೂ ಇಲ್ಲ. ಬುಟ್ಟಿಯನ್ನು ಬೆಂಚಿನ ಮೇಲಿಟ್ಟು, “ಸ್ವಾಮಿ, ವೈರು ಕತ್ತರಿಸೋದು ಇದ್ರೆ ಕೊಡಪ್ಪ,” ಎಂದು ಕೈ ನೀಡಿದಳು.

“ನಾನೇ ತೆಗೀತೀನಿ ಬಿಡಿ ಅತ್ತಿಗೆ.”

“ಕಟ್ಟಿದ್ದು ನಾನು. ದೇವರ ಹಾರಕ್ಕೆ ಕತ್ತರಿ ಹಾಕಬಾರದು ಅಂತ ಬಿಟ್ಟಿದ್ದೂ ನಾನೇ.”

ಕಟರ್ ಇಸಿದುಕೊಂಡು ನಾರನ್ನು ಎಳೆ ಎಳೆಯಾಗಿ ಕತ್ತರಿಸಿದಳು. ಕತ್ತರಿಸಿದ್ದನ್ನು ನೆಲಕ್ಕೆ ಬಿಸಾಡದೆ ಸೆರಗಿನಲ್ಲಿ ಹಾಕಿಕೊಂಡಳು. ಟೀ ಕುಡಿದು ಬರುತ್ತಿದ್ದವರು ಬಾಗಿಲಲ್ಲೇ ನಿಂತರು. ಆಕೆ ಸಮತಾಳನ್ನು ಕರೆದು, ಒತ್ತಮ್ಮ ಎಂದಳು. ಸಮತಾ ಪಟ್ಟಿ ಸುತ್ತಿದ ಕೈಯಿಂದಲೇ ಒತ್ತಿದಳು. ಠಕ್.

“ಇವಳು ಒತ್ತಿದ್ದು ನಿಜ. ಸ್ವಾಮಿ ವೈರೂ ಸರಿ ಇತ್ತು. ಅಡ್ಡ ಬಂದಿದ್ದು ನಾನು ಕಟ್ಟಿದ ಹಾರ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಗಂಡನಿಗೆ ಮಾತ್ರ ಇನ್ನೊಂದು ಮಾತು ಸೇರಿಸಿದಳು: “ಪೂಜೆ ನಾನು ಬಿಡಲ್ಲ. ಮೆಷಿನ್ ಪಕ್ಕದ ಕಂಬಕ್ಕೆ ಹಾರ ಹಾಕೋಕೆ ಒಂದು ಮೊಳೆ ಹೊಡೆಸಿ.”

ಹಾಲಸ್ವಾಮಿ ಹಿಂಬದಿಗೆ ಹೋಗಿ, ಬಿಚ್ಚಿ ಕಟ್ಟಿದ ಸ್ಕ್ರೂವನ್ನು ಇನ್ನೊಮ್ಮೆ ಬಿಗಿ ಮಾಡಿದ. ವೈರನ್ನು ಅದರ ಸಾಲಿಗೆ ಒತ್ತಿ ಕೂರಿಸಿದ. ಮುರುಗೇಶಪ್ಪ ಹಿಂದೆಯೇ ಬಂದ. ಹೊಸ ಮೆಷಿನ್ನುಗಳ ಮಾತಾಡಿದ, ಊಟ ಮಾಡಿಕೊಂಡೇ ಹೋಗು ಎಂದ, ಭದ್ರಾವತಿಯ ಡಬ್ಬಿ ಬುತ್ತಿಯನ್ನೂ ನೆನೆಸಿದ. ಆಡಬೇಕಾದ ಮಾತೊಂದು ಬಿಟ್ಟು ಎಲ್ಲವನ್ನೂ ಆಡಿದ. ಕೊನೆಗೆ ಜೇಬಿನಿಂದ ಮಾರ್ಕರ್ ತೆಗೆದು ನೀಡಿದ.

“ತಗೋ, ಬರ್ಕೋ ನಿನ್ನ ಹೆಸರು.”

ಹಾಲಸ್ವಾಮಿ ಮಾರ್ಕರ್ ಮುಟ್ಟಲಿಲ್ಲ. “ನಾನು ಒಂದ್ಸಲ ಬರ್ದಾಗಿದೆ. ಒರೆಸಿದ್ದು ನೀನು, ನೀನೇ ಬರಿ.”

ಕೆಲಸದವರು ಕೇಳಿಸಿಕೊಳ್ಳುತ್ತಿದ್ದರು. ಮುರುಗೇಶಪ್ಪ ಒಮ್ಮೆ ಅವರನ್ನು ನೋಡಿದ, ಒಮ್ಮೆ ಬಾಗಿಲಿನ ಬಿಳಿ ಜಾಗ ನೋಡಿದ. ಮಾರ್ಕರಿನ ಮುಚ್ಚಳವನ್ನೂ ತೆಗೆದ. ಕೈ ಮಾತ್ರ ಮೇಲಕ್ಕೆ ಏಳಲಿಲ್ಲ.

ಹಾಲಸ್ವಾಮಿ ಬೇಕಾದಷ್ಟು ಹೊತ್ತು ಕಾದ. ಆಮೇಲೆ ಸ್ಕ್ರೂಡ್ರೈವರನ್ನು ಜೇಬಿಗಿಟ್ಟು, ದಾಕ್ಷಾಯಣಿಗೆ ಬರ್ತೀನಿ ಅತ್ತಿಗೆ ಎಂದು ಹೇಳಿ, ಹೆಲ್ಮೆಟ್ ತೆಗೆದುಕೊಂಡು ಹೊರನಡೆದ. ಹಿಂದೆ ಕೆಲಸದವರು ಜಾಬ್ ಹಾಕದೆ ಮೆಷಿನ್ನನ್ನು ಬರಿದೇ ಓಡಿಸಿ ನೋಡತೊಡಗಿದರು. ರಸ್ತೆಗೆ ಬರುವವರೆಗೂ ಅದರ ಸದ್ದು ಕಿವಿಗೊಟ್ಟು ಕೇಳಿದ. ಸದ್ದಿನಲ್ಲಿ ಒಂದು ಕೊಂಕೂ ಇರಲಿಲ್ಲ. ಮುಂದಿನ ಕೆಲಸಕ್ಕೆಂದು ಭದ್ರಾವತಿಯ ಕಡೆ ಬೈಕು ತಿರುಗಿಸಿದವನು ಆ ವರ್ಕ್‌ಶಾಪಿಗೆ ಮತ್ತೆ ಕಾಲಿಡಲಿಲ್ಲ.