ಬೂಟುಗಳ ನಡುವೆ

"ಮೊದಲು ನಾನು," ಎಂದು ಹೆಡ್‌ಮಾಸ್ತರ್ ಎಡ್ಮಂಡ್ ಆಂಬ್ಲರ್ ಕೋಟು ಬಿಚ್ಚಿ ಬೇಲಿಯ ಮೇಲೆ ಹಾಕಿದರು.

ಮೈದಾನದಲ್ಲಿ ಹಿರಿಯ ಹುಡುಗರು ಎದುರುಬದುರಾಗಿ ಎರಡು ಸಾಲಾಗಿ ನಿಂತಿದ್ದರು. ಸೆಪ್ಟೆಂಬರಿನಲ್ಲಿ ಶಾಲಾ ವರ್ಷ ಶುರುವಾಗುವ ಮೊದಲ ದಿನ ಹೊಸ ಹುಡುಗರು ಆ ಸಾಲುಗಳ ನಡುವೆ ನಡೆದು ಹೋಗಬೇಕು, ದೊಡ್ಡವರು ರಗ್ಬಿ ಬೂಟಿನಿಂದ ಅವರ ಕಣಕಾಲಿಗೆ ಒದೆಯಬೇಕು. ಅಳದೆ ಆಚೆ ತಲುಪಿದವನು ಶಾಲೆಯವನಾದ. ಯಾರ್ಕ್‌ಶೈರಿನ ಆ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಚಕ್ಕರ್ ಹೊಡೆಯುವವರೂ ಇದಕ್ಕೆ ಮಾತ್ರ ತಪ್ಪದೆ ಹಾಜರಾಗುತ್ತಿದ್ದರು.

ಅದನ್ನು ನಿಲ್ಲಿಸುತ್ತೇನೆಂದು ಆಂಬ್ಲರ್ ಹೇಳಿದ್ದೇ ತಡ, ಆಡಳಿತ ಮಂಡಳಿಯ ಅಧ್ಯಕ್ಷ ಹೋಲ್ಡನ್ ಗಾಡಿ ಕಟ್ಟಿಸಿಕೊಂಡು ಬಂದಿದ್ದ. ಉಣ್ಣೆ ಗಿರಣಿಯ ಮಾಲೀಕ; ಈ ಶಾಲೆಯಲ್ಲಿ ಓದಿದವನೇನಲ್ಲ. ಒಂದು ಕಾಲದಲ್ಲಿ ಅವನೂ ಆಂಬ್ಲರರೂ ಇಂಗ್ಲೆಂಡ್ ರಗ್ಬಿ ತಂಡದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಸ್ಕಾಟ್ಲೆಂಡಿನವರನ್ನು ತಳ್ಳಿದವರು. ಅಂಥದ್ದೇ ಒಂದು ಪಂದ್ಯದಲ್ಲಿ ಒದೆ ಬಿದ್ದು ಆಂಬ್ಲರರ ಎಡಗಾಲಿನ ಎಲುಬು ಮುರಿದಿತ್ತು. ಕೂಡಿಕೊಂಡದ್ದು ಸೊಟ್ಟಗೆ. ಇನ್ನೊಮ್ಮೆ ಮುರಿದರೆ ಊರುಗೋಲೇ ಗತಿ ಎಂದು ಡಾಕ್ಟರು ಹೇಳಿದ್ದರು.

"ಹುಚ್ಚು ಹಿಡೀತೇನೋ ನಿಂಗೆ?" ಹೋಲ್ಡನ್ ದನಿ ತಗ್ಗಿಸಿದ. "ಒದೆ ತಿಂದೇ ಅಲ್ವೇನೋ ನಾವು ಗಂಡಸರಾಗಿದ್ದು? ಇವ್ರೂ ಆಗ್ಲಿ ಬಿಡು. ಇಲ್ಲಾಂದ್ರೆ ಬೇರೆ ಹೆಡ್‌ಮಾಸ್ತರನ್ನ ಹುಡುಕ್ತೀನಿ."

"ಹುಡುಕು. ಇವತ್ತಿಗೆ ನಾನೇ ಹೆಡ್‌ಮಾಸ್ತರು. ಶಾಲೆಗೆ ಹೊಸಬ ಬೇರೆ. ಪದ್ಧತಿ ಅಂದ್ಮೇಲೆ ಎಲ್ರಿಗೂ ಒಂದೇ."

ಪ್ಯಾಂಟನ್ನು ಮೊಣಕಾಲವರೆಗೆ ಮಡಚಿದರು. ಡೊಂಕು ಎಲುಬು ಕಂಡು ಹುಡುಗರ ನಗು ನಿಂತಿತು. ಆಂಬ್ಲರರಿಗೆ ಭಯವಾಗಿತ್ತು. ಆದರೆ ಬೇಲಿಯ ಹತ್ತಿರ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದ ಹೊಸ ಹುಡುಗರ ಬಿಳಿಚಿದ ಮುಖ ನೋಡಿದಾಗ ಭಯಕ್ಕಿಂತ ಸಿಟ್ಟೇ ಹೆಚ್ಚಾಯಿತು.

ಸಾಲಿನ ಮೊದಲಿಗೆ ರಗ್ಬಿ ತಂಡದ ನಾಯಕ ಕ್ರೌದರ್ ನಿಂತಿದ್ದ.

"ಒದಿ," ಎಂದರು.

"ಸರ್, ನಿಮ್ಗೆ ಹೇಗೆ ಸರ್..."

"ಆ ಮಕ್ಕಳಿಗೆ ಹೇಗೆ ಒದೀತೀಯೋ ಹಾಗೆ. ಮುಲಾಜು ಬೇಡ."

ಕ್ರೌದರ್ ಅಧ್ಯಕ್ಷನತ್ತ ನೋಡಿದ. ಹೋಲ್ಡನ್ ಹೂಂ ಎಂದು ತಲೆಯಾಡಿಸಿದ. ಹುಡುಗ ಕಣ್ಣು ಮುಚ್ಚಿ ಒದ್ದ. ಏಟು ಸೊಟ್ಟ ಎಲುಬಿಗೇ ಬಿತ್ತು.

ಆಂಬ್ಲರ್ ಬೀಳಲಿಲ್ಲ. ಕಾಲು ಮತ್ತೆ ಭಾರ ಹೊರುವವರೆಗೆ ಹಲ್ಲುಕಚ್ಚಿ ನಿಂತರು. ರಕ್ತ ಕಾಲುಚೀಲಕ್ಕೆ ಇಳಿಯಿತು. ಮುಂದಿನವನ ಎದುರಿಗೆ ಹೋಗಿ, "ಈಗ ನೀನು," ಎಂದರು.

"ನನ್ ಕೈಲಾಗಲ್ಲ ಸರ್."

ಅವನ ಪಕ್ಕದವನೂ ತಲೆ ತಗ್ಗಿಸಿದ. "ಒದೀರೋ, ಹೇಡಿಗಳಾ!" ಎಂದು ಹೋಲ್ಡನ್ ಕೂಗಿದ. ಒಂದು ಬೂಟೂ ಅಲುಗಲಿಲ್ಲ. ಆಂಬ್ಲರ್ ಕುಂಟುತ್ತ ಕೊನೆಯವರೆಗೂ ನಡೆದು ತಿರುಗಿ ನಿಂತರು.

"ಹೋಲ್ಡನ್, ನಾನು ಬಂದಿದ್ದು ಜೂನ್‌ನಲ್ಲಿ. ನೀನು ಅಧ್ಯಕ್ಷ ಆಗಿದ್ದು ಹೋದ ತಿಂಗಳು. ನನಗಿಂತ ಹೊಸಬ ಕಣಯ್ಯಾ ನೀನು. ಬಾ!"

ಯಾರೋ ಕಿಸಕ್ಕೆಂದರು. ಹೋಲ್ಡನ್‌ನ ಮುಖ ಕೆಂಪೇರಿತು. ಟೋಪಿ ಒತ್ತಿಕೊಂಡು ಗಾಡಿಯತ್ತ ನಡೆದ. "ಮಂಡಳಿ ಸಭೆಗೆ ಬಾ, ನೋಡ್ಕೋತೀನಿ!"

"ಬರ್ತೀನಿ. ನಡ್ಕೊಂಡೇ ಬರ್ತೀನಿ," ಎಂದರು ಆಂಬ್ಲರ್. ಆಮೇಲೆ ಬೇಲಿಯತ್ತ ಕೈಬೀಸಿ, "ಬನ್ರೋ ಮಕ್ಕಳೇ, ಗಂಜಿ ಆರಿಹೋಗುತ್ತೆ," ಎಂದು ಕರೆದರು.

ಹೊಸ ಹುಡುಗರು ಒಬ್ಬರ ಹಿಂದೊಬ್ಬರು ಸಾಲುಗಳ ನಡುವೆ ನಡೆದರು. ಇಕ್ಕೆಲದಲ್ಲೂ ಬೂಟುಗಳು ಹುಲ್ಲಿನಲ್ಲಿ ಊರಿಕೊಂಡೇ ಇದ್ದವು. ಕ್ರೌದರ್ ಮಾತ್ರ ತನ್ನ ಬಲಗಾಲನ್ನು ಎಡಗಾಲಿನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ.