ಪಕ್ಕದ ಕುರ್ಚಿ

ಆಸ್ಪತ್ರೆಯ ಹಳೆಯ ಬಟ್ಟೆ ಒಗೆಯುವ ಕೋಣೆಯನ್ನು, ಸತ್ತವರನ್ನು ನೆನೆದು ಕೂರುವ ಜಾಗವಾಗಿ ಮಾಡಬೇಕು. ಅಲ್ಲಿ ಯಾವ ದೇವರ ಗುರುತೂ ಇರಬಾರದು. ಕೆಲಸ ಇಷ್ಟೇ. ಇಷ್ಟಕ್ಕೇ ಅಪ್ಪ-ಮಗಳ ಜೀವ ಹೈರಾಣಾಗಿತ್ತು. ಇಬ್ಬರೂ ಆರ್ಕಿಟೆಕ್ಟುಗಳು, ಔಷಧಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಎರಡು ಮೇಜು ಹಾಕಿಕೊಂಡು, ಅದನ್ನೇ ಆಫೀಸು ಎಂದು ಕರೆಯುತ್ತಿದ್ದವರು. ಅಪ್ಪ ಗೆರೆ ಎಳೆಯುವುದು, ಮಗಳು ಅಳತೆ ಬರೆಯುವುದು, ಆಸ್ಪತ್ರೆಯ ಸಮಿತಿ ಅಳಿಸುವುದು. ಹೀಗೇ ಚಳಿಗಾಲ ಕಳೆದು ಬೇಸಿಗೆ ಬಂದಿತ್ತು.

ಸಮಿತಿಯ ಅಧ್ಯಕ್ಷರು ನಿವೃತ್ತ ಡಾಕ್ಟರು. ಮಗಳು ಅವರಿಗೆ ‘ತಕರಾರು’ ಎಂದು ಹೆಸರಿಟ್ಟಿದ್ದಳು. ನೀರಿನ ತೊಟ್ಟಿ ಬರೆದರೆ ಯಾರದೋ ಪೂಜೆ ನೆನಪಾಗುತ್ತದೆ ಎನ್ನುವರು. ದೀಪ ಬೇಡ, ಕಮಾನು ಬೇಡ. ಗೋಡೆಯ ಮೇಲೆ ಒಂದು ಎಲೆ ಕೆತ್ತೋಣವೆಂದರೆ, ಯಾವ ಮರದ್ದು ಎಂಬ ಪ್ರಶ್ನೆ. ದುಂಡು ಕಿಟಕಿಯೂ ಅವರ ಬಾಯಿಗೆ ಸಿಕ್ಕಿ ಚೌಕವಾಯಿತು. ಪಾಪ, ಅವರನ್ನೂ ಬೈಯುವಂತಿಲ್ಲ. ಎಲ್ಲರನ್ನೂ ಮೆಚ್ಚಿಸಲು ಹೊರಟವರ ಹಣೆಬರಹವೇ ಅಷ್ಟು. ಕೊನೆಗೆ ಉಳಿದದ್ದು ನಾಲ್ಕು ಗೋಡೆ, ಒಂದು ಕಿಟಕಿ, ಕೂರಲು ಆಸನ. ಆಸನಕ್ಕೆ ಧರ್ಮವಿಲ್ಲ ಎಂದು ತಕರಾರು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡರು.

ಈ ಕೆಲಸ ನಮಗೆ ಬೇಡವೆಂದು ಮಗಳು ಮೊದಲೇ ಹೇಳಿದ್ದಳು. ಅಮ್ಮ ತೀರಿಕೊಂಡದ್ದು ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಎರಡು ವರ್ಷದ ಹಿಂದೆ. ಅವತ್ತು ಬೆಳಿಗ್ಗೆ ಅಮ್ಮ ಆಕ್ಸಿಜನ್ ಮಾಸ್ಕ್ ಸರಿಸಿಕೊಂಡು, ತಲೆ ಬಾಚದೆ ಆಫೀಸಿಗೆ ಹೋಗುತ್ತೀಯಾ ಎಂದು ಕೇಳಿದ್ದಳು. ರಾತ್ರಿಯಿಡೀ ನಿದ್ದೆಗೆಟ್ಟಿದ್ದ ಮಗಳು ರೇಗಿದ್ದಳು: “ನನ್ನ ಬೈಯೋಕೆ ಮಾತ್ರ ನಿಂಗೆ ಉಸಿರಿರತ್ತೆ.” ಮಧ್ಯಾಹ್ನ ಆ ಉಸಿರೂ ನಿಂತುಹೋಯಿತು.

ಕೊನೆಗಳಿಗೆಯಲ್ಲಿ ಜೊತೆಗಿದ್ದವರು ಅಪ್ಪ ಒಬ್ಬರೇ. ಅಮ್ಮ ಏನಂದಳು, ತನ್ನ ಬಗ್ಗೆ ಏನಾದರೂ ಅಂದಳಾ ಎಂದು ಕೇಳಲು ಹೋದಾಗಲೆಲ್ಲ ಅವರಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. ಹಾಲು ಉಕ್ಕುತ್ತಿದೆ ಎನ್ನುವರು, ಪೆನ್ಸಿಲ್ ಮುರಿಯಿತು ಎನ್ನುವರು. ಹಾಗಾದರೆ ಅಮ್ಮ ಆಡಬಾರದ ಮಾತನ್ನೇ ಆಡಿ ಹೋಗಿದ್ದಾಳೆ, ಅಪ್ಪ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಾರೆ ಎಂದು ಮಗಳು ತೀರ್ಮಾನಿಸಿದ್ದಳು. ಆ ತೀರ್ಮಾನವನ್ನು ಹೊತ್ತು ಹೊತ್ತು ಅವಳಿಗೆ ಸಾಕುಸಾಕಾಗಿತ್ತು.

ಈ ಮಧ್ಯಾಹ್ನ ಇಬ್ಬರೂ ನಕ್ಷೆಯನ್ನು ಕೋಣೆಯ ನೆಲದ ಮೇಲೇ ಸೀಮೆಸುಣ್ಣದಲ್ಲಿ ಬರೆದು ನೋಡಲು ಬಂದಿದ್ದರು. ಕಾಗದದಲ್ಲಿ ಧಾರಾಳವಾಗಿ ಕಂಡದ್ದು ನೆಲಕ್ಕಿಳಿದರೆ ಮೊಣಕಾಲಿಗೆ ಬಡಿಯುತ್ತದೆ ಎನ್ನುವುದು ಅಪ್ಪನ ಹಳೆಯ ಪಾಠ. ಕೋಣೆಯಲ್ಲಿ ಇನ್ನೂ ಸೋಪಿನ ಪುಡಿಯ ವಾಸನೆಯಿತ್ತು. ಕ್ಯಾಂಟೀನಿನಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಆಸನಗಳ ಜಾಗದಲ್ಲಿಟ್ಟರು. ಒಂದೊಂದು ಆಸನಕ್ಕೂ ಎರಡೂ ಬದಿಯಲ್ಲಿ ಅಡ್ಡಗೋಡೆಯ ಗೆರೆ. ಎಲ್ಲದರ ಮುಖವೂ ಗೋಡೆಯ ಕಡೆಗೆ.

ಮಗಳು ಒಂದರಲ್ಲಿ ಕೂತಳು. ಎದುರಿಗೆ ಗೋಡೆಯ ತೇವದ ಕಲೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಇಷ್ಟು ದಿನ ತಾನೇ ಅಳತೆ ಬರೆದ ನಕ್ಷೆ, ತನಗೇ ಹೊಳೆದಿರಲಿಲ್ಲವಲ್ಲ ಎನಿಸಿತು.

“ಅಪ್ಪಾ, ಇಬ್ಬರು ಒಟ್ಟಿಗೆ ಬಂದ್ರೆ ಎಲ್ಲಿ ಕೂರಬೇಕು?”

“ದುಃಖ ಅವರವರದ್ದು. ಇಬ್ಬರು ಯಾಕೆ ಒಟ್ಟಿಗೆ ಕೂರ್ತಾರೆ?”

“ಮಾತಾಡೋಕೆ.”

ಅಪ್ಪ ಅಳತೆಯ ಟೇಪು ಸುತ್ತತೊಡಗಿದರು. “ತಕರಾರಿಗೆ ಫೋನ್ ಮಾಡ್ಬೇಕಿತ್ತು, ಮರೆತೇಬಿಟ್ಟೆ” ಎನ್ನುತ್ತ ಬಾಗಿಲ ಕಡೆ ಹೊರಟರು.

ಕೂಗಾಡುವ ತ್ರಾಣವೂ ಮಗಳಿಗೆ ಉಳಿದಿರಲಿಲ್ಲ. ಎದ್ದು ಇನ್ನೊಂದು ಕುರ್ಚಿಯನ್ನು ದರದರ ಎಳೆದುಕೊಂಡು ಬಂದು ತನ್ನ ಕುರ್ಚಿಯ ಪಕ್ಕಕ್ಕಿಟ್ಟಳು. ಅಡ್ಡಗೋಡೆಯ ಗೆರೆ ಅದರ ಕಾಲಿಗೆ ಸಿಕ್ಕಿ ಅಳಿಸಿಹೋಯಿತು.

“ಕೂತ್ಕೊಳ್ಳಿ ಅಪ್ಪಾ. ನನ್ನ ಕೈಲಿ ಇನ್ನಾಗಲ್ಲ. ಎಷ್ಟೇ ಕೆಟ್ಟದ್ದಾಗಿರ್ಲಿ, ಅಮ್ಮ ಅಂದಿದ್ದನ್ನ ಹೇಳ್ಬಿಡಿ.”

“ಕೆಟ್ಟದ್ದಾ?” ಅಪ್ಪ ನಿಜಕ್ಕೂ ಬೆಚ್ಚಿದರು. ತಿರುಗಿ ಬಂದು ಕೂತರು. “ಅವಳು ಏನಂದ್ಲು ಅಂತ ನಂಗೆ ಗೊತ್ತಿಲ್ಲ ಪುಟ್ಟಿ.”

“ಗೊತ್ತಿಲ್ಲ ಅಂದ್ರೆ?”

“ಏನೋ ಕೇಳಿದ್ಲು. ನಾನು ಫೋನಲ್ಲಿ ಟೈಲ್ಸ್ ನೋಡ್ತಿದ್ದೆ, ಯಾರದ್ದೋ ಬಚ್ಚಲಮನೇದು. ತಲೆ ಎತ್ತದೇನೇ ಹೂಂ ಅಂದೆ. ಎತ್ತಿ ನೋಡೋ ಹೊತ್ತಿಗೆ ಮುಗಿದಿತ್ತು.” ಅಪ್ಪ ಕೈಯಲ್ಲಿದ್ದ ಟೇಪನ್ನು ಎಳೆದರು, ಬಿಟ್ಟರು. “ಆ ಟೈಲ್ಸ್ ಬಣ್ಣ ಇವತ್ತು ಕೇಳಿದ್ರೂ ಹೇಳ್ತೀನಿ. ಅವಳು ಕೇಳಿದ್ದು ಮಾತ್ರ ಎಷ್ಟು ತಲೆ ಕೆರ್ಕೊಂಡ್ರೂ ಬರಲ್ಲ. ನಿಂಗೆ ಏನಂತ ಹೇಳ್ಲಿ?”

ಮಗಳಿಗೆ ಕೆಟ್ಟ ಸಿಟ್ಟು ಬಂತು. ಎರಡು ವರ್ಷ ಈ ಮನುಷ್ಯ ಹಾಲು ಉಕ್ಕುತ್ತಿದೆ ಎಂದು ಓಡಿಹೋಗಿದ್ದು ಇದಕ್ಕಾ! ಆದರೆ ಅವರ ಬಾಗಿದ ಬೆನ್ನು ಕಂಡು ಸಿಟ್ಟು ಬಾಯಿಯವರೆಗೆ ಬರಲಿಲ್ಲ. ಅದರ ಬದಲು, ತಾನು ಅವತ್ತು ಬೆಳಿಗ್ಗೆ ಅಮ್ಮನಿಗೆ ಅಂದದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಅಪ್ಪ ಎದ್ದುಹೋಗಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. ಪೂರ್ತಿ ಕೇಳಿಸಿಕೊಂಡರು.

“ಏನು ಕೇಳಿರ್ಬಹುದು ಅವಳು?” ಎಂದರು ಆಮೇಲೆ.

“ನನ್ನ ಬಗ್ಗೇನೇ ಕೇಳಿರ್ತಾಳೆ. ‘ಪುಟ್ಟಿ ಇನ್ನೂ ಸಿಟ್ಟಲ್ಲೇ ಇದ್ದಾಳಾ’ ಅಂತ. ಅಮ್ಮ ಯಾವತ್ತೂ ನಿಮ್ಮ ಹತ್ರ ಕೇಳ್ತಿದ್ದಿದ್ದು ಅದೇ ಅಲ್ವಾ?”

ಅಪ್ಪ ಅವಳ ಕಡೆ ತಿರುಗಿದರು. “ನಾನು ಅದಕ್ಕೆ ಹೂಂ ಅಂದ್ಬಿಟ್ಟೆನಾ?”

ಮಗಳು ಅವರ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅವಳಿಗೆ ಅಳು ತಡೆಯಲಾಗಲಿಲ್ಲ.

“ಸರಿಯಾಗೇ ಹೇಳಿದ್ರಿ ಅಪ್ಪಾ” ಎಂದಳು. “ಸಿಟ್ಟಲ್ಲೇ ಇದ್ದೆ.”