ಮುರಿಗೆಪ್ಪನ ಹೆಸರಿನ ರಕ್ತ

ಮುರಿಗೆಪ್ಪನ ಹೆಸರಿಗೆ ನನ್ನ ರಕ್ತ ಕೊಟ್ಟೆ. ಅದು ಮೋಸದ ಕೆಲಸ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ಮುನಿರಾಜು ಸುತ್ತಿ ಬಳಸಿ ಹೇಳಿದ ಎನ್ನಬೇಡಿ.

ಎರಡು ಸಾವಿರದ ಹನ್ನೊಂದರ ಮಾತು. ಜಿಗಣಿಯ ಒಂದು ಫ್ಯಾಕ್ಟರಿಯಲ್ಲಿ ಮುರಿಗೆಪ್ಪ ಕ್ರೇನ್ ಆಪರೇಟರ್, ನಾನು ಕೆಳಗೆ ನಿಂತು ಕೈಸನ್ನೆ ಮಾಡುವವನು. ಹನ್ನೊಂದು ವರ್ಷ ನನ್ನ ಕೈ ನಂಬಿಕೊಂಡೇ ಅವನು ಭಾರ ಎತ್ತಿಳಿಸಿದ. ಅವನಿಗೆ ಸಕ್ಕರೆ ಕಾಯಿಲೆ ಇರುವುದು ಮನೆಯವರಿಗೆ ಗೊತ್ತಿತ್ತು. ಫ್ಯಾಕ್ಟರಿಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಆ ವರ್ಷ ಎಲ್ಲರಿಗೂ ರಕ್ತ ಪರೀಕ್ಷೆ ಎಂದು ನೋಟಿಸ್ ಹಾಕಿದರು. ಸಕ್ಕರೆ ಇದ್ದವರನ್ನು ಇನ್ನು ಕ್ರೇನ್ ಹತ್ತಿಸುವುದಿಲ್ಲವಂತೆ ಎಂಬ ಸುದ್ದಿಯೂ ಹಬ್ಬಿತು.

"ನನ್ನ ಪ್ಯಾಕಿಂಗಿಗೆ ಹಾಕಿಬಿಡ್ತಾರೆ ಗುರು. ಈ ವಯಸ್ಸಲ್ಲಿ ಡಬ್ಬಕ್ಕೆ ಟೇಪ್ ಅಂಟಿಸ್ಕೊಂಡು ಕೂರ್ಲಾ?" ಎಂದ.

"ಸುಮ್ನಿರೋ, ನಾನಿಲ್ವಾ," ಎಂದೆ. ದೊಡ್ಡ ಮನುಷ್ಯ ನಾನು.

ಕ್ಯಾಂಟೀನಿನಲ್ಲಿ ರಕ್ತ ತೆಗೆಯುತ್ತಿದ್ದವರು ಚೀಟಿ ನೋಡಿದರೇ ಹೊರತು ಮುಖ ನೋಡಲಿಲ್ಲ. ಮೊದಲ ದಿನ ನನ್ನ ಹೆಸರಿಗೆ ಎಡಗೈ ಕೊಟ್ಟೆ, ಮಾರನೆಯ ದಿನ ಅವನ ಹೆಸರಿಗೆ ಬಲಗೈ. ವಾರದಲ್ಲಿ ರಿಪೋರ್ಟ್ ಬಂತು: ಸಕ್ಕರೆ ಸರಿಯಿದೆ, ಹಿಮೋಗ್ಲೋಬಿನ್ ಅಂತಾರಲ್ಲ, ಆ ರಕ್ತದ ಲೆಕ್ಕ ಹದಿನಾಲ್ಕೂವರೆ. ಇಬ್ಬರೂ ಟೀ ಅಂಗಡಿಯಲ್ಲಿ ಬಿದ್ದು ಬಿದ್ದು ನಕ್ಕೆವು.

ಆ ಕಾಗದ ಅವನ ಹೆಂಡತಿ ಶಿವಲಿಂಗಮ್ಮನ ಕೈಗೆ ಸಿಕ್ಕಿದ್ದೇ ಎಡವಟ್ಟಾಯಿತು. ತಾನು ಹಿಡಿಸಿದ ಪಥ್ಯ ಫಲ ಕೊಟ್ಟಿತೆಂದು ಹಿಗ್ಗಿದಳು. ವಠಾರದಲ್ಲೆಲ್ಲ ತೋರಿಸಿದಳು.

ಆರು ತಿಂಗಳಿಗೆ ಮುರಿಗೆಪ್ಪ ಸುಸ್ತು ಎನ್ನತೊಡಗಿದ. ಕ್ರೇನಿನ ಏಣಿಯಲ್ಲಿ ಎರಡು ಕಡೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ತುಟಿ, ಉಗುರು ಬಿಳಿಚಿಕೊಂಡವು. ಒಮ್ಮೆ ಮನೆಗೆ ಹೋದಾಗ ಶಿವಲಿಂಗಮ್ಮ ನನ್ನೆದುರೇ ಬೈದಳು. "ರಕ್ತ ಹದಿನಾಲ್ಕೂವರೆ ಐತೆ, ಏನು ಸುಸ್ತು ಇವರಿಗೆ? ನೀರು ತನ್ನಿ ಅಂದ್ರೆ ಮಾತ್ರ ಸುಸ್ತು. ಬರೀ ನಾಟಕ ಕಣಣ್ಣ." ಹತ್ತಿರದ ಕ್ಲಿನಿಕ್ಕಿಗೂ ಆ ಕಾಗದ ಹಿಡಿದುಕೊಂಡೇ ಕರೆದೊಯ್ದಿದ್ದಳಂತೆ. ಅಲ್ಲಿಯ ಡಾಕ್ಟರು ಅದನ್ನು ನೋಡಿ ಟಾನಿಕ್ ಬರೆದುಕೊಟ್ಟಿದ್ದರು.

ಬೀದಿಗೆ ಬಂದ ಮೇಲೆ ಮುರಿಗೆಪ್ಪನನ್ನು ಕೇಳಿದೆ. "ಶಿವಲಿಂಗಮ್ಮಂಗೆ ನಿಜ ಹೇಳ್ಬಿಡೋಣ್ವೇನೋ?"

"ಬೇಡ. ಅವಳ ಬಾಯಲ್ಲಿ ಮಾತು ನಿಲ್ಲಲ್ಲ. ಫ್ಯಾಕ್ಟರಿಗೆ ಗೊತ್ತಾದ್ರೆ ನಿನ್ನೂ ತೆಗೀತಾರೆ. ಬೈಕೊಳ್ಲಿ ಬಿಡು."

ಬೇರೆ ಕಡೆ ಪರೀಕ್ಷೆ ಮಾಡಿಸು ಎಂದೆ. ಮಾಡಿಸ್ತೀನಿ ಎಂದ. ಮಾಡಿಸಿದನೋ ಇಲ್ಲವೋ ಮತ್ತೆ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಅವನು ಬೇಡ ಎಂದಾಗ ನನಗೆ ಒಳಗೊಳಗೇ ಹಾಯೆನಿಸಿತ್ತು. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ವರ್ಷ ತುಂಬುವ ಹೊತ್ತಿಗೆ ಏಣಿಯ ಬುಡದಲ್ಲೇ ಕುಸಿದ. ದೊಡ್ಡಾಸ್ಪತ್ರೆಯಲ್ಲಿ ರಕ್ತ ಆರೂವರೆ ಎಂದರು. ಡಾಕ್ಟರಮ್ಮ ನಮಗೆ ಬಿಡಿಸಿ ಹೇಳಿದರು. ಸಕ್ಕರೆ ಕಿಡ್ನಿಯನ್ನು ಹಾಳುಮಾಡಿದೆ. ರಕ್ತ ಮಾಡಿಕೋ ಎಂದು ಮೈಗೆ ಹೇಳುವುದೇ ಕಿಡ್ನಿ, ಅದು ಸೋತರೆ ರಕ್ತವೂ ಇಳಿಯುತ್ತದೆ. "ವರ್ಷದ ಹಿಂದೆ ಒಂದು ಟೆಸ್ಟ್ ಮಾಡಿಸಿದ್ರೂ ಇನ್ನಷ್ಟು ಕಾಲ ಉಳಿಸ್ಕೋಬಹುದಿತ್ತು. ಇನ್ನು ಡಯಾಲಿಸಿಸ್ಸೇ," ಎಂದರು.

"ಮಾಡ್ಸಿದ್ವಿ ಮೇಡಂ," ಎಂದು ಶಿವಲಿಂಗಮ್ಮ ಬ್ಯಾಗಿನಿಂದ ಅದೇ ಕಾಗದ ತೆಗೆದುಕೊಟ್ಟಳು. ಡಾಕ್ಟರಮ್ಮ ಎರಡು ಸಲ ಓದಿ, ತಲೆಯಾಡಿಸಿ, ಹಿಂದಕ್ಕೆ ಕೊಟ್ಟು ಹೋದರು.

ಅವಳು ನನ್ನ ಕಡೆ ತಿರುಗಿದಳು. "ಅಣ್ಣ, ಒಂದು ವರ್ಷದಾಗೆ ಅಷ್ಟು ರಕ್ತ ಎಲ್ಲಿಗೆ ಹೋಯ್ತು?"

ವಾರ್ಡಿನ ಬಾಗಿಲಲ್ಲೇ ಹೇಳಿಬಿಟ್ಟೆ. "ಅದು ಅವನ ರಕ್ತ ಅಲ್ಲಮ್ಮ, ನಂದು. ನಿಮಗೆ ಹೇಳೋಣ ಅಂದೆ. ಫ್ಯಾಕ್ಟರಿಯೋರು ನನ್ನ ತೆಗೀತಾರೆ ಅಂತ ಅವನೇ ಬೇಡ ಅಂದ."

ಕಾಲರ್ ಹಿಡಿಯುತ್ತಾಳೆ ಅಂದುಕೊಂಡಿದ್ದೆ. ಹಿಡಿಯಲಿ ಎಂದೇ ಹತ್ತಿರ ನಿಂತಿದ್ದೆ. ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

"ನಾಟಕ ಅಂತ ದಿನಾ ಅಂದೆನಲ್ಲಣ್ಣ. ಯುಗಾದೀಲಿ ನನ್ನ ತಮ್ಮಂದಿರ ಮುಂದೆ ಸೋಮಾರಿ ಅಂದೆ. ಎದ್ದು ಹೋಗಿ ಎರಡು ಕೊಡ ನೀರು ತಂದಿಟ್ರು."

ತಪ್ಪಾಯ್ತಮ್ಮ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ನಂಗೆ ಗೊತ್ತಾಯ್ತು ಅಂತ ಅವರಿಗೆ ಹೇಳ್ಬೇಡಿ. ನಿಮ್ಮ ಕೆಲಸ ಉಳಿಸೋಕೆ ಅಂತ ಇಷ್ಟು ದಿನ ಬೈಸ್ಕೊಂಡವ್ರೆ. ಅದೂ ದಂಡ ಆಯ್ತು ಅಂತ ಅವರಿಗೆ ಅನ್ನಿಸೋದು ಬೇಡ," ಎಂದು ಒಳಗೆ ಹೋದಳು.

ಅವನ ಮುಖ ನೋಡುವ ಧೈರ್ಯವಾಗದೆ ನಾನು ಬಸ್ಸು ಹತ್ತಿ ಮನೆಗೆ ಬಂದೆ.